ಉಡಿಯಲ್ಲಿ ಮೂರು ಎಲೆ

ಇಂಥ ಸಂಗತಿಯನ್ನು ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, ‘ಅವತ್ತೇ ಬರೆದಿಟ್ಟಿದ್ದೀರಾ?’ ಶಿಗ್ಗಾವಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು ನಾನು. ನೆನಪನ್ನು ಸಾಕ್ಷಿಯೆಂದು ಒಪ್ಪಬೇಡಿ, ದಾಖಲೆ ಹುಡುಕಿ ಎಂದು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳುತ್ತೇನೆ. ಅದಕ್ಕೇ ಡೈರಿಯನ್ನೂ ಬರೆಯುತ್ತ ಬಂದಿದ್ದೇನೆ. ನನ್ನ ತೊಂದರೆ ಏನೆಂದರೆ, ಈ ಸಂಗತಿ ಡೈರಿಯಲ್ಲಿದೆ.

ಮದುವೆಯಾದ ಮೇಲೆ ಕೆಲವು ವರ್ಷ ನಾವು ಮಲೇಷ್ಯಾದಲ್ಲಿದ್ದೆವು. ನನ್ನ ಗಂಡ ಅಲ್ಲಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಿದ್ದರು. ಮಕ್ಕಳಾಗದಿದ್ದಾಗ ಅಲ್ಲಿಯ ಆಸ್ಪತ್ರೆಯಲ್ಲೇ ಚಿಕಿತ್ಸೆ ಪಡೆದೆವು. ಪ್ರಯೋಗಾಲಯದಲ್ಲಿ ಬೆಳೆಸಿದ ನಮ್ಮ ಭ್ರೂಣಗಳಲ್ಲಿ ಒಂದನ್ನು ನನ್ನ ಗರ್ಭಕ್ಕೆ ಸೇರಿಸಿದರು, ಅದು ನಿಲ್ಲಲಿಲ್ಲ. ಉಳಿದವನ್ನು ಹೆಪ್ಪುಗಟ್ಟಿಸಿ ಇಟ್ಟರು. ಅಷ್ಟರಲ್ಲಿ ಮಾವ ತೀರಿಕೊಂಡರು, ನಾವು ಸವಣೂರಿಗೆ ಬಂದುಬಿಟ್ಟೆವು. ಹಾಗೆ ಅಲ್ಲಿ ಉಳಿದದ್ದು ಎರಡು. ‘ಎರಡು ಇಟ್ಟಿದ್ದಾರೆ’ ಎಂದು ಆ ದಿನದ ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿದೆ. ಗಂಡನಿಗೂ ಎರಡೆಂದೇ ನೆನಪು.

ಮುಂದಿನ ನಾಲ್ಕು ವರ್ಷ ಸವಣೂರಿನಲ್ಲಿ ನನ್ನ ಬೆನ್ನು ಬಿಡದ ಶಬ್ದ ‘ವಿಶೇಷ’. ಹಾನಗಲ್ಲಿನ ಚಿಗವ್ವ ಫೋನ್ ಎತ್ತಿದ ಕೂಡಲೇ, ‘ಏನರ ವಿಶೇಷ ಐತೇನವಾ?’ ಅನ್ನುತ್ತಿದ್ದಳು. ‘ಇವತ್ತ ಝುಣಕ ಮಾಡೇನ್ರಿ, ಅದ ವಿಶೇಷ’ ಅಂದರೆ, ‘ನಿನ್ನ ಬಾಯಿಗೇನ ಕಡಿಮಿಲ್ಲ ಬಿಡು, ಕಡಿಮಿ ಇರೂದು ಬ್ಯಾರೆ’ ಎಂದು ಫೋನ್ ಇಡುತ್ತಿದ್ದಳು.

ಭ್ರೂಣಗಳನ್ನು ಇಲ್ಲಿಗೇ ತರಿಸಿಕೊಳ್ಳಲು ಒಂದು ವರ್ಷ ಕಾಗದಪತ್ರಗಳೊಡನೆ ಗುದ್ದಾಡಿ ಸೋತೆವು. ಹೊಸದಾಗಿ ಶುರುಮಾಡುವ ಆಸೆ ನನ್ನ ವಯಸ್ಸಿನಲ್ಲಿ ಬೇಡವೆಂದು ಇಲ್ಲಿನ ವೈದ್ಯರು ಹೇಳಿಯಾಗಿತ್ತು. ಇನ್ನು ಬಹಳ ದಿನ ಇಡಲಾಗದು ಎಂದು ಅಲ್ಲಿಂದ ಪತ್ರ ಬಂತು. ಆ ಎರಡೇ ನಮ್ಮ ಕೊನೆಯ ಅವಕಾಶ. ನಾವೇ ಹೊರಟೆವು. ಊರಿಗೆಲ್ಲ ಪ್ರವಾಸ ಎಂದು ಸುಳ್ಳು ಹೇಳಿದೆವು. ಅತ್ತೆಗೂ ಅದೇ ಸುಳ್ಳು.

ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ಕಾರು ನಿಂತಿದೆ, ಅತ್ತೆ ಮೊರದಲ್ಲಿ ಅಕ್ಕಿ ಹಿಡಿದು ಬಂದರು. ‘ವೇಲ್ ಒಡ್ಡು, ಉಡಿ ತುಂಬ್ತೇನಿ.’

‘ತಿರಗ್ಯಾಡಾಕ ಹೊಂಟವರಿಗೆ ಉಡಿ ಯಾಕ್ರೀ ಅತ್ತಿ? ವಿಮಾನದಾಗ ಇವನ್ನೆಲ್ಲ ಬಿಡೂದಿಲ್ರಿ.’

‘ಒಡ್ಡು ಅಂದ್ರ ಒಡ್ಡಬೇಕು. ವಾದ ಕಾಲೇಜಿನಾಗ ಮಾಡು.’

ಮಡಿಲಿಗೆ ಅಕ್ಕಿ, ಅಡಿಕೆ, ಕೊಬ್ಬರಿ ಬಟ್ಟಲು ಬಿದ್ದವು. ಮೇಲೆ ವೀಳ್ಯದೆಲೆ. ಉಡಿಗೆ ಐದು ಎಲೆ ಇಡುವುದು ನಮ್ಮ ಮನೆಯ ಪದ್ಧತಿ. ಅತ್ತೆ ಮೂರು ಇಟ್ಟರು. ವೀಳ್ಯದೆಲೆಗೇ ಹೆಸರಾದ ಸವಣೂರಿನಲ್ಲಿ ಎಲೆಗೆ ಬರವೇ? ನನಗೆ ರೇಗಿತು. ತುಂಬುವುದಾದರೆ ಸರಿಯಾಗಿಯಾದರೂ ತುಂಬಲಿ.

‘ಐದ ಇಡಬೇಕಲ್ರಿ?’

‘ಮೂರ ಅದಾವ. ಎರಡು ಬಾಡಿದ್ರ ಬಾಡ್ಲಿ ತಗೋ, ಒಂದು ಹಸರ ಉಳಿತೈತಿ.’

ತಡಸದಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದಾಗ ಸಿಟ್ಟಿನಲ್ಲಿ ಡೈರಿ ತೆಗೆದು ಬರೆದೆ: ‘ಅತ್ತೆ ಮೂರೇ ಎಲೆ ಇಟ್ಟರು. ಎರಡು ಬಾಡಿದರೂ ಒಂದು ಹಸಿರಂತೆ. ತಲೆನೋವು.’ ವಿಮಾನ ನಿಲ್ದಾಣದಲ್ಲಿ ಎಲೆಗಳನ್ನು ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಅವುಗಳ ನೆನಪೇ ಬರಲಿಲ್ಲ.

ಮಲೇಷ್ಯಾದಲ್ಲಿ ಎರಡು ವಾರ ಚುಚ್ಚುಮದ್ದು, ಮಾತ್ರೆ, ಕಾಯುವುದು. ಗೊತ್ತುಮಾಡಿದ ದಿನ ಮಧ್ಯಾಹ್ನ ಪ್ರಯೋಗಾಲಯದ ವೈದ್ಯರು ನಮ್ಮನ್ನು ಕೂರಿಸಿ, ‘ಹೆಪ್ಪು ಕರಗಿಸುವಾಗ ಎರಡು ಉಳಿಯಲಿಲ್ಲ, ಕ್ಷಮಿಸಿ’ ಎಂದರು. ಚೀಲ ಹೆಗಲಿಗೇರಿಸಿ ಎದ್ದುನಿಂತೆ. ಗಂಡನೂ ಎದ್ದರು. ವೈದ್ಯರು ಗಾಬರಿಯಾಗಿ, ‘ಎಲ್ಲಿಗೆ? ಮೂರನೆಯದು ಚೆನ್ನಾಗಿದೆಯಲ್ಲ’ ಎಂದರು.

ಮೂರನೆಯದು ಇಲ್ಲವೇ ಇಲ್ಲ ಎಂದು ವಾದಿಸಿದೆವು. ಯಾರದೋ ನಮಗೆ ಬಂದಿದೆ ಎಂದೆವು. ಅವರು ತಾಳ್ಮೆಯಿಂದ ಹಳೆಯ ಕಡತ ತಂದರು. ಸಂಖ್ಯೆ ಎಂಬಲ್ಲಿ ಮೂರು ಎಂದಿತ್ತು. ಕೆಳಗೆ ನನ್ನ ಸಹಿ. ನಾನು ಸಹಿ ಮಾಡುವುದು ಕನ್ನಡದಲ್ಲಿ. ಕೊನೆಯ ಒತ್ತಕ್ಷರವನ್ನು ಕೆಳಗೆಳೆದು ಗೆರೆ ಮಾಡುವ ಕೆಟ್ಟ ಚಾಳಿ ಬೇರೆ. ಆ ಗೆರೆಯೂ ಇತ್ತು. ಆ ಕಟ್ಟಡದಲ್ಲಿ ಅದನ್ನು ಬರೆಯಬಲ್ಲವರು ಬೇರೆ ಯಾರಿದ್ದಾರೆ?

‘ಓದದೇ ಸಹಿ ಮಾಡಿದೇನು?’ ಗಂಡ ಸಿಡುಕಿದರು.

‘ನಾ ಓದೇನಿ, ನೀ ಸಹಿ ಮಾಡು ಅಂದಿದ್ರಿ ನೀವು!’

ಒಪ್ಪಿಗೆ ಕೊಡುತ್ತೀರೋ ಇಲ್ಲವೋ, ಅರ್ಧ ತಾಸಿನಲ್ಲಿ ಹೇಳಿ ಎಂದು ವೈದ್ಯರು ಹೋದರು. ಎರಡೆಂದು ಬರೆದಿದ್ದ ಹಳೆಯ ಡೈರಿ ಸವಣೂರಿನ ಕಪಾಟಿನಲ್ಲಿತ್ತು. ಕೈಯಲ್ಲಿದ್ದ ಹೊಸದನ್ನು ಸುಮ್ಮನೆ ತೆರೆದೆ. ತಡಸದ ಪುಟ ಕಣ್ಣಿಗೆ ಬಿತ್ತು. ನಾಲ್ಕಾರು ಸಲ ಓದಿ ಗಂಡನ ಮುಂದೆ ಹಿಡಿದೆ.

ಅವರು ಓದಿ ಡೈರಿ ಮುಚ್ಚಿದರು. ‘ನಮ್ಮವ್ವಗ ಮಲೇಷ್ಯಾ ಎಲ್ಲೈತಿ ಅಂತ ಸೈತ ಗೊತ್ತಿಲ್ಲ’ ಎಂದರು.

‘ಅದಕ್ಕ ನನಗ ಸಿಟ್ಟು ಬಂದೈತಿ.’

ನಿಜವಾಗಿಯೂ ಸಿಟ್ಟೇ ಬಂದಿತ್ತು. ಬದುಕಿನ ಅಷ್ಟು ದೊಡ್ಡ ಪ್ರಶ್ನೆಗೆ ನನ್ನ ಬಳಿ ಇದ್ದ ದಾಖಲೆ, ನಾನೇ ಕಸಕ್ಕೆ ಎಸೆದಿದ್ದ ಮೂರು ಎಲೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದೆ. ಈ ಸಲ ಪ್ರತಿ ಸಾಲನ್ನೂ ಓದಿದೆ. ಎಲೆಯನ್ನು ನಂಬಿ ಒಪ್ಪಿದೆನೋ, ಕಡತವನ್ನು ನಂಬಿಯೋ, ಬರಿಗೈಯಲ್ಲಿ ಹಿಂತಿರುಗಲಾರದ ದಣಿವಿನಿಂದಲೋ, ಅದನ್ನು ಅಂದಿನ ಡೈರಿಯಲ್ಲಿ ಬರೆದಿಲ್ಲ. ಆದ್ದರಿಂದ ಹೇಳಲಾರೆ.

ಮೂರನೆಯದು ನಿಂತಿತು.

ಊರಿಗೆ ಬಂದ ಮೇಲೆ ಅತ್ತೆಗೆ ಎಲ್ಲವನ್ನೂ ಹೇಳಿ, ಆ ದಿನ ಯಾಕೆ ಹಾಗೆಂದಿರಿ ಎಂದು ಕೇಳಿದೆ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ‘ಎಲಿ ಮಾತು ಎಲಿಗೆ ಅಂದೇನವ್ವ. ಬುಟ್ಟ್ಯಾಗ ಇದ್ದದ್ದ ಮೂರು.’ ಆದರೆ ಅಂದು ಬೆಳಿಗ್ಗೆ ದೇವರ ಜಗಲಿಯ ಮೇಲೆ ಎಲೆಯ ಒಂದು ಇಡೀ ಕಟ್ಟನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಅನ್ನಿಸುತ್ತದೆ. ಇದೂ ಡೈರಿಯಲ್ಲಿಲ್ಲ.

ಡೈರಿಯಲ್ಲಿ ಎರಡು, ಕಡತದಲ್ಲಿ ಮೂರು, ಎರಡೂ ನನ್ನದೇ ಕೈ. ವಿದ್ಯಾರ್ಥಿಯೊಬ್ಬ ಇಂಥ ದಾಖಲೆ ತಂದಿದ್ದರೆ ಯಾವುದೋ ಒಂದು ತಪ್ಪು, ಹುಡುಕು ಎಂದು ಹಿಂದಕ್ಕೆ ಕಳಿಸುತ್ತಿದ್ದೆ. ಮಗುವಿನ ರಕ್ತದ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಒಂದು ಪ್ರಶ್ನೆಗಾದರೂ ಉತ್ತರ ಸಿಗುತ್ತದೆ ಎಂದು ಗಂಡ ಒಮ್ಮೆ ಅಂದರು. ನಾನು ಹ್ಞೂಂ ಅಂದೆ. ಇಬ್ಬರೂ ಮತ್ತೆ ಆ ಮಾತು ಎತ್ತಿಲ್ಲ.

ಈಗ ಮಗಳು ಅಂಗನವಾಡಿಗೆ ಹೋಗುತ್ತಾಳೆ. ಚಿಗವ್ವನ ‘ವಿಶೇಷ’ ಮುಗಿದು ಹೊಸದೊಂದು ಶುರುವಾಗಿದೆ. ಬಂದಾಗಲೆಲ್ಲ ಮಗುವಿನ ಗಲ್ಲ ಹಿಡಿದೆತ್ತಿ ಬೆಳಕಿಗೆ ತಿರುಗಿಸುತ್ತಾಳೆ: ‘ನಿನ್ನಂಗೂ ಇಲ್ಲ, ಅವನಂಗೂ ಇಲ್ಲ. ಇಕಿ ಯಾರಂಗ ಅದಾಳ?’ ಪ್ರತಿ ಸಲವೂ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿನಿಂದ ಹೇಳಿಬಿಡುತ್ತಾರೆ:

‘ಅಕಿ ಅಕಿಯಂಗ ಅದಾಳ. ಚಹಾ ಆರ್ತೈತಿ, ಕುಡಿ.’