ಬೇಕೆಂದೇ ತಪ್ಪಿಸಿ ಎನ್ನುವ ಉಸಿರಕ್ಕ

ಬೆಳಗಿನ ಆರು ಗಂಟೆ. ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಅಭ್ಯಾಸದ ಅಂಗಳದಲ್ಲಿ ಹಲ್ಲಿನ ಡಾಕ್ಟರೊಬ್ಬರು ಕೋಲು ಹಿಡಿದು ಬಗ್ಗಿದ್ದಾರೆ. ಚೆಂಡಿಗೂ ಕುಳಿಗೂ ನಡುವೆ ಇರುವುದು ಎರಡೇ ಅಡಿ. ಪಕ್ಕದಲ್ಲಿ ಹಳೇ ಸ್ವೆಟರ್ ತೊಟ್ಟು ಕೈಕಟ್ಟಿ ನಿಂತ ಹೆಂಗಸು, "ಹಾಕ್ಬೇಡಿ ಸಾರ್. ಬೇಕು ಅಂತಲೇ ತಪ್ಪಿಸಿ" ಎನ್ನುತ್ತಾರೆ.

ಡಾಕ್ಟರು ತಪ್ಪಿಸುತ್ತಾರೆ. ಹುಲ್ಲಿಗೆ ನೀರು ಬಿಡುತ್ತಿದ್ದ ಕೆಲಸಗಾರರಿಬ್ಬರು ತಿರುಗಿ ನೋಡಿದಾಗ ಅವರ ಕಿವಿ ಕೆಂಪಾಗುತ್ತದೆ. "ಉಸಿರು ಬಿಡಿ. ಇನ್ನೊಂದು." ಹತ್ತನೆಯದು ತಪ್ಪುವ ಹೊತ್ತಿಗೆ ಡಾಕ್ಟರಿಗೇ ನಗು.

"ಹಲ್ಲು ಕೀಳೋವಾಗ ನಡುಗದ ಕೈ ಇಲ್ಯಾಕೆ ನಡುಗುತ್ತೆ ಮೇಡಂ?"

"ಅಲ್ಲಿ ಕೂತೋರಿಗೆ ನಿಮ್ಮನ್ನ ನೋಡಿ ನಗೋಕೆ ಬಾಯಿಗೆ ಬಿಡುವೇ ಇರಲ್ಲ ಸಾರ್!"

ಆಟಗಾರರ ಬಾಯಲ್ಲಿ ಇವರು ಉಸಿರಕ್ಕ. ವಯಸ್ಸು ಐವತ್ತೆರಡು, ಕೆಲಸ ಆಪ್ತ ಸಮಾಲೋಚನೆ. ಕ್ಲಬ್ಬಿನ ಹಿಂಭಾಗದಲ್ಲಿ, ಚೆಂಡಿನ ಬುಟ್ಟಿಗಳನ್ನು ಪೇರಿಸಿಡುವ ಉಗ್ರಾಣದ ಪಕ್ಕದ ಕೋಣೆ ಇವರದು. ದಿನಕ್ಕೆ ನಾಲ್ಕು ಜನ, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಹೀಗೆ ಹನ್ನೊಂದು ವರ್ಷ. ಗೆದ್ದವರು ವೇದಿಕೆಯಲ್ಲಿ ಕೋಚ್‌ಗೆ, ಹೆತ್ತವರಿಗೆ, ಬೂಟು ಕೊಟ್ಟವರಿಗೂ ಕೈಮುಗಿಯುತ್ತಾರೆ. ಇವರ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. "ಸೊಂಟನೋವಿಗೆ ತೋರಿಸ್ಕೊಂಡು ಬರ್ತೀನಿ ಅಂತ ಮನೇಲಿ ಸುಳ್ಳು ಹೇಳಿ ಬರೋರೇ ಜಾಸ್ತಿ. ಅವರು ವೇದಿಕೇಲಿ ಏನು ಹೇಳ್ತಾರೆ, ಪಾಪ!"

ಉಸಿರಕ್ಕನಿಗೆ ಚಿಕ್ಕಂದಿನಲ್ಲಿ ಉಗ್ಗು. ಟೀಚರು ಹಾಜರಿ ಕೂಗಿದಾಗ "ಬಂದಿದ್ದೇನೆ" ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಎದುರಿಗೇ ಕೂತಿದ್ದರೂ ಗೈರುಹಾಜರಿ. ಒಂದು ತಿಂಗಳಲ್ಲಿ ಹದಿನೇಳು ದಿನ ಹಾಗಾದಾಗ, ಮಗಳು ಶಾಲೆ ತಪ್ಪಿಸಿ ಎಲ್ಲಿ ಅಲೆಯುತ್ತಾಳೆಂದು ಅಪ್ಪ ವಿಚಾರಿಸಲು ಬಂದರಂತೆ. "ಅಪ್ಪನ ಮುಂದೂ ಮಾತು ಹೊರಡಲಿಲ್ಲ. ಅವತ್ತು ಏಟು ಬಿತ್ತು." ಇಪ್ಪತ್ತು ದಾಟಿದ ಮೇಲೆ ಒಬ್ಬ ಮಾತಿನ ಚಿಕಿತ್ಸಕಿ ಅವರಿಗೆ ಬೇಕೆಂದೇ ಉಗ್ಗಲು ಕಲಿಸಿದರು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಜನರ ಎದುರಿಗೇ. ಮುಚ್ಚಿಡುವುದನ್ನು ಬಿಟ್ಟಂತೆಲ್ಲ ನಾಲಿಗೆ ಸಡಿಲವಾಯಿತು. ಮುಂದೆ ಅವರೂ ಅದೇ ಕೆಲಸ ಹಿಡಿದರು. ಉಗ್ಗುವ ಮಗಳನ್ನು ಕರೆತರುತ್ತಿದ್ದ, ಈ ಮೈದಾನದ ಹುಲ್ಲು ಕತ್ತರಿಸುವವರೊಬ್ಬರು ಒಂದು ದಿನ ಹೇಳಿದರು: "ಅಮ್ಮಾ, ನಮ್ಮ ಮಗೂ ನಾಲಿಗೆ ತಡವರಿಸೋ ಹಾಗೇ ನಮ್ಮಲ್ಲೊಬ್ಬ ಆಟಗಾರರ ಕೈ ತಡವರಿಸುತ್ತೆ. ಒಂದ್ಸಲ ನೋಡ್ತೀರಾ?" ಅಲ್ಲಿಯವರೆಗೆ ಗಾಲ್ಫ್ ಚೆಂಡು ಕಲ್ಲಿನಷ್ಟು ಗಟ್ಟಿ ಎಂಬುದೂ ಇವರಿಗೆ ಗೊತ್ತಿರಲಿಲ್ಲ. ನೋಡಲು ಹೋದವರು ಅಲ್ಲೇ ಉಳಿದುಬಿಟ್ಟರು. ಎರಡು ವರ್ಷ ಸಂಜೆ ತರಗತಿಗೆ ಹೋಗಿ ಆಪ್ತ ಸಮಾಲೋಚನೆಯನ್ನೂ ಕಲಿತರು.

ಕಳೆದ ವರ್ಷ ಬಂದವರು ಎಡಗೈ ಆಟಗಾರ್ತಿಯೊಬ್ಬರು. ಆಟವೇ ಅವರ ಅನ್ನ. ಇಲ್ಲಿಗೆ ಬರುವ ಮೊದಲು ಒಂದು ಪಂದ್ಯಾವಳಿಯ ಫೈನಲ್ಲಿನ ಕೊನೆಯ ಕುಳಿಯಲ್ಲಿ, ನೆರೆದವರೆಲ್ಲ ನೋಡುತ್ತಿರುವಾಗ, ಎರಡಡಿಯ ಚೆಂಡು ತಪ್ಪಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಂದಿನಿಂದ ಸಣ್ಣ ಹೊಡೆತಕ್ಕೆ ನಿಂತರೆ ಸಾಕು, ಮಣಿಕಟ್ಟು ತಾನೇ ಜಿಗಿಯುತ್ತಿತ್ತು. ಎಂಟು ತಿಂಗಳು ಹೀಗೇ ನಡೆಯಿತು. ಅರ್ಹತಾ ಪಂದ್ಯದಲ್ಲಿ ಮೊದಲ ಇಪ್ಪತ್ತರೊಳಗೆ ಬಾರದಿದ್ದರೆ ಮುಂದಿನ ವರ್ಷ ಆಡುವಂತಿಲ್ಲ.

"ಮೂರು ವಾರ ಅವಳ ಕೈಯನ್ನೇ ನೋಡಿದೆ. ನಾಲ್ಕನೇ ವಾರ ಅವಳ ಅಣ್ಣನ್ನ ನೋಡಿದೆ," ಎನ್ನುತ್ತಾರೆ ಉಸಿರಕ್ಕ. ಆಟದಲ್ಲಿ ತಂಗಿಯ ಕೋಲುಗಳ ಚೀಲ ಹೊರುವವರು ಅಣ್ಣನೇ. ತಂಗಿ ಬಗ್ಗಿದೊಡನೆ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಆ ಉಸಿರು ನಿಂತದ್ದು ತಂಗಿಗೆ ಗೊತ್ತಾಗುತ್ತಿತ್ತು.

"ಅಣ್ಣಾ, ನಿಂಗೂ ಭಯಾನಾ?" ಎಂದು ತಂಗಿ ಕೇಳಿದ್ದು ಉಸಿರಕ್ಕನ ಕೋಣೆಯಲ್ಲೇ, ಎಂಟು ತಿಂಗಳಲ್ಲಿ ಮೊದಲ ಬಾರಿ.

"ಹೂಂ ಕಣೇ. ನಿಂಗೆ ಗೊತ್ತಾಗ್ಬಾರ್ದು ಅಂತ ಉಸಿರೇ ಬಿಡ್ತಿರ್ಲಿಲ್ಲ."

ಇಬ್ಬರೂ ಅತ್ತರು. ಮರುದಿನದಿಂದ ಜನರ ಮುಂದೆ ಬೇಕೆಂದೇ ತಪ್ಪಿಸುವ ಪಾಠ ಶುರುವಾಯಿತು. ಜೊತೆಗೆ ಅಣ್ಣನಿಗೊಂದು ಕೆಲಸ: ತಂಗಿ ಬಗ್ಗಿದಾಗ ಕೇಳಿಸುವಂತೆ ಉಸಿರು ಬಿಡುವುದು.

ಅರ್ಹತಾ ಪಂದ್ಯದ ದಿನ ಆಟಗಾರ್ತಿ ಜೊತೆಯವರಿಗೆ ಮೊದಲೇ ಹೇಳಿದರು: "ನನ್ನ ಕೈ ನಡುಗುತ್ತೆ. ನಡುಗಿದ್ರೆ ನೀವು ಗಾಬರಿ ಆಗ್ಬೇಡಿ." ಕೈ ನಡುಗಿತು, ಎರಡು ಸಲ ಚೆಂಡು ತಪ್ಪಿತು ಕೂಡ. ಕೊನೆಯ ಕುಳಿಗೆ ಮೂರಡಿ ಉಳಿದಿತ್ತು. ಹಿಂದಿನಿಂದ ಅಣ್ಣ ಎತ್ತಿನಂತೆ ಉಸಿರು ಬಿಟ್ಟರು. ತಂಗಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಹೊಡೆದ ಚೆಂಡು ಅಂಚು ಸುತ್ತಿ ಒಳಗೆ ಬಿತ್ತು. ಹತ್ತೊಂಬತ್ತನೆಯ ಸ್ಥಾನ.

ಉಸಿರಕ್ಕ ಪಂದ್ಯ ನೋಡಲು ಹೋಗುವವರಲ್ಲ. ಮನೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಫೋನ್ ಬಂತು. ಅತ್ತ ಕಡೆ ಆಟಗಾರ್ತಿಯ ಅಣ್ಣ ಉಗ್ಗುತ್ತಿದ್ದರು. "ಅ... ಅಕ್ಕಾ... ಹ... ಹತ್ತೊಂ..." "ಹತ್ತೊಂಬತ್ತಾ? ನಿಧಾನ ಹೇಳಿ. ನಂಗೂ ಅಭ್ಯಾಸ ಇದೆ." ಹೋದ ಜೀವ ಬಂದಂತಾಯಿತು ಎನ್ನುತ್ತಾರೆ ಉಸಿರಕ್ಕ. ಆ ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದರಂತೆ. ಈ ಕತೆ ಬರೆಯಲು ಅಣ್ಣ-ತಂಗಿ ಇಬ್ಬರೂ ಒಪ್ಪಿದ್ದಾರೆ.

ಮಂಗಳವಾರದ ಏಳು ಗಂಟೆ ಆಟಗಾರ್ತಿಯ ಹೊತ್ತು. ಮೂರು ವಾರದಿಂದ ಅದು ಖಾಲಿ. ಬೇರೆಯವರಿಗೆ ಕೊಡಬಹುದಲ್ಲ ಎಂದೆ.

"ಕೊಡ್ತೀನಿ, ಮುಂದಿನ ತಿಂಗಳಿಂದ. ಬರ್ತಿದ್ದೋರು ಬರೋದು ಬಿಟ್ಟಾಗಲೇ ಕಣ್ರೀ ನಮ್ಮ ಕೆಲಸ ಆಯ್ತು ಅಂತ ಗೊತ್ತಾಗೋದು. ಅಲ್ಲೀವರೆಗೆ ಆ ಖಾಲಿ ಕುರ್ಚಿನ ಸ್ವಲ್ಪ ನೋಡ್ಕೊಂಡು ಕೂತಿರ್ತೀನಿ."