ಮಾನ್ವಿಯಲ್ಲಿ ಎತ್ತಿದ ಬಾವುಟ

ಆ ಚೆಂಡು ಗೆರೆಯ ಮೇಲೆ ಬಿತ್ತೋ ಹೊರಗೆ ಬಿತ್ತೋ, ನನಗೆ ಇವತ್ತಿಗೂ ಖಚಿತವಿಲ್ಲ. ಹೊರಗೆ ಎಂದು ಬಾವುಟ ಎತ್ತಿದವನು ನಾನು — ಅದರಲ್ಲಿ ಸಂಶಯವಿಲ್ಲ. ಉಳಿದದ್ದನ್ನು ಎಷ್ಟು ಸಲ ನೆನೆದಿದ್ದೇನೆಂದರೆ, ಕಣ್ಣು ಕಂಡದ್ದು ಯಾವುದು, ಆಮೇಲೆ ಮನಸ್ಸು ಕಟ್ಟಿಕೊಂಡದ್ದು ಯಾವುದು ಎಂದು ಬೇರ್ಪಡಿಸಲಾರೆ.

ಎಪ್ಪತ್ತರ ದಶಕದ ಕೊನೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದು ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಆ ಚಳಿಗಾಲ ಜಿಲ್ಲೆಯ ಐದು ಊರುಗಳ ವಾಲಿಬಾಲ್ ತಂಡಗಳು ಭಾನುವಾರಗಳಂದು ಲೀಗ್ ಆಡುತ್ತಿದ್ದವು. ಮೊದಲ ಎರಡು ತಂಡಗಳಿಗೆ ಗುಲ್ಬರ್ಗಾದಲ್ಲಿ ವಿಭಾಗ ಮಟ್ಟದ ಆಟ. ಲೀಗ್ ಅರ್ಧಕ್ಕೆ ಬರುವ ಮೊದಲೇ, ಬಸ್ ನಿಲ್ದಾಣದೆದುರಿನ ಖಾಜಾಸಾಬನ ಹೋಟೆಲಿನಲ್ಲಿ, ಭಜಿಯ ದರ ಬರೆದ ಹಲಗೆಯ ಕೆಳಗೆ ನಾನು ಸೀಮೆಸುಣ್ಣದಿಂದ ಬರೆದೆ: ರಾಯಚೂರು ಮೊದಲು, ಮಾನ್ವಿ ಎರಡನೆಯದು, ದೇವದುರ್ಗ ಮೂರನೆಯದು... ಕೊನೆಯವರೆಗೂ. ಯಾರು ಸರ್ವಿಸ್ ಕೆಡಿಸುತ್ತಾರೆ, ಯಾರು ಪರ ಊರಲ್ಲಿ ಸೋಲುತ್ತಾರೆ ಎಂದು ನೋಡಿ ನೋಡಿ ಮಾಡಿದ ಲೆಕ್ಕ.

"ಎಂ.ಎಸ್ಸಿ. ಮಾಡಿ ಗಿಣಿಶಾಸ್ತ್ರ ಹೇಳಾಕತ್ತೀರೇನ್ರೀ ಸರ?" ಎಂದ ಖಾಜಾಸಾಬ. "ಗಿಣಿ ಎಲ್ಲದ?"

"ಪಂಜರ ಮನ್ಯಾಗ ಬಿಟ್ಟು ಬಂದಾರ," ಎಂದರು ಮೂಲೆಯಲ್ಲಿ ಕೂತಿದ್ದ ಯಾರೋ.

ನನಗೆ ಉರಿಯಿತು. ಜಾತಕ ನಂಬುವವರನ್ನು ಹೀಯಾಳಿಸಿಕೊಂಡು ಬಂದವನು ನಾನು. ಆದರೆ ಭಾನುವಾರಗಳು ಕಳೆದಂತೆ ಹಲಗೆಯ ಒಂದೊಂದೇ ಹೆಸರು ನಿಜವಾಗುತ್ತ ಬಂತು. ನಗುತ್ತಿದ್ದವರೇ ಎದ್ದು ಕುರ್ಚಿ ಕೊಡತೊಡಗಿದರು. ಆ ಕುರ್ಚಿಯ ರುಚಿ ನನಗೆ ಹತ್ತಿತ್ತು — ಒಪ್ಪುತ್ತೇನೆ.

ಉಳಿದದ್ದು ಒಂದೇ ಪಂದ್ಯ, ಮಾನ್ವಿಯಲ್ಲಿ ಮಾನ್ವಿ ಮತ್ತು ದೇವದುರ್ಗದ ನಡುವೆ. ಗೆದ್ದವರಿಗೆ ಎರಡನೆಯ ಸ್ಥಾನ. ದೇವದುರ್ಗದ ನಾಯಕ ಹನುಮಂತಪ್ಪ, ಕೂಲಿ ಮಾಡುವವರ ಮನೆಯ ಹುಡುಗ. ಗುಲ್ಬರ್ಗಾದಲ್ಲಿ ಆಡಿದ ಪ್ರಮಾಣಪತ್ರ ಕೈಗೆ ಬಂದರೆ ದೈಹಿಕ ಶಿಕ್ಷಕರ ತರಬೇತಿಗೆ ಸೀಟು ಸಿಗುತ್ತದೆ ಎಂದು ಆಶೆ ಇಟ್ಟುಕೊಂಡಿದ್ದ. ನನಗದು ಗೊತ್ತಿತ್ತು. ಎರಡೂ ಊರಿಗೆ ಸೇರದವನು, ಓದಿದವನು ಎಂದು ನನ್ನನ್ನೇ ಲೈನ್‌ಮನ್ ಮಾಡಿದರು. ಹಾಗೆ ಸೂಚಿಸಿದವನು ಹನುಮಂತಪ್ಪನೇ.

ಅಕ್ಕಿ ಗಿರಣಿಯ ಪಕ್ಕದ ಬಯಲು. ನೀರಿನ ತೊಟ್ಟಿಯ ಮೂಲೆಯಲ್ಲಿ ನಿಂತಿದ್ದೆ. ಸಂಜೆ, ಕೊನೆಯ ಗೇಮ್, ಮಾನ್ವಿಗೆ ಇನ್ನೊಂದೇ ಅಂಕ ಬೇಕು, ಸರ್ವಿಸ್ ಕೂಡ ಅವರದೇ. ಹನುಮಂತಪ್ಪ ಹಾರಿ ಹೊಡೆದ. ಚೆಂಡು ನನ್ನ ಮುಂದೆಯೇ, ಸುಣ್ಣದ ಗೆರೆಯ ಹತ್ತಿರ ಬಿತ್ತು. ಬಿಳಿ ಪುಡಿ ಎದ್ದಿತೆ? ಎದ್ದಿತೆಂದೇ ನೆನಪು — ಅಥವಾ ಬರೀ ಧೂಳು. ನನ್ನ ಕೈ ಮೇಲೆ ಹೋಗಿತ್ತು.

ಅವನು ಓಡಿ ಬಂದ. "ಸುಣ್ಣ ಹಾರಿತಲ್ರೀ ಸರ. ನೀವು ನೋಡೀರೇನು?"

"ನೋಡೀನಿ. ಹೊರಗ."

"ನೀವು ನೋಡೀರಿ ಅಂದ್ರ ಮುಗೀತು ಬಿಡ್ರಿ," ಎಂದು ತನ್ನ ಹುಡುಗರನ್ನು ತಾನೇ ಸಮಾಧಾನ ಮಾಡಿದ.

ಹಲಗೆ ಪೂರ್ತಿ ನಿಜವಾಯಿತು. ಮರುದಿನ ಗೆಳೆಯರು ಕೇಳಿದಾಗ, ಬಿಸಿಲು ಕಣ್ಣಿಗೆ ಹೊಡೆಯಿತು, ಆದಷ್ಟು ನೋಡಿದೆ ಎಂದೆ. ಹೇಳುತ್ತ ಹೇಳುತ್ತ ನಾನೇ ನಂಬಿದೆ. ಸರ್ವಿಸ್ ಇದ್ದವರಿಗಷ್ಟೇ ಅಂಕ ಎಂಬುದು ಆಗಿನ ನಿಯಮ; ಆ ಚೆಂಡು ಒಳಗೆ ಬಿದ್ದಿದ್ದರೂ ದೇವದುರ್ಗಕ್ಕೆ ಸರ್ವಿಸ್ ಮಾತ್ರ ಬರುತ್ತಿತ್ತು, ಅಂಕವಲ್ಲ — ಎಂದೂ ವಾದಿಸಿದೆ. ವಾದ ಸರಿಯೇ ಇತ್ತು. ಅದೇ ಹೇಸಿಗೆ.

ವರ್ಷಗಳ ನಂತರ ಶಕ್ತಿನಗರದ ಬಸ್ಸಿನಲ್ಲಿ ಹನುಮಂತಪ್ಪ ಸಿಕ್ಕ. ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ. ಸೀಟು ಸಿಗಲಿಲ್ಲ ಎಂದು ನಾನು ಕೇಳದೆಯೇ ಹೇಳಿದ. ನನಗೆ ಜಾಗ ಮಾಡಿಕೊಟ್ಟು, "ಈ ವರ್ಷ ಯಾರ್ ಗೆಲ್ತಾರ್ರೀ ಸರ?" ಎಂದು ನಕ್ಕ. ನಾನು ಕಿಟಕಿಯತ್ತ ತಿರುಗಿದ್ದನ್ನು ಕಂಡು, "ಬಿಸಿಲು ಕಣ್ಣಾಗ ಬಿದ್ದಿತ್ತಂತ ಆಮ್ಯಾಗ ಕೇಳೀನಿ. ಬಿಸಿಲಿಗಿ ಯಾರೇನು ಮಾಡಾಕ ಆಗ್ತದ?" ಎಂದ. ಅವನು ನನ್ನನ್ನು ಕ್ಷಮಿಸಿದ್ದ — ನಾನೇ ಹಬ್ಬಿಸಿದ ಮಾತಿನ ಮೇಲೆ.

ಲೆಕ್ಕ ಹಾಕಿದ್ದೇ ಅಹಂಕಾರ ಎಂದು ಕೆಲವರು ಈಗಲೂ ಹೇಳುತ್ತಾರೆ. ಒಪ್ಪುವುದಿಲ್ಲ. ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಊಹಿಸುವುದು ತಪ್ಪಲ್ಲ. ಅವಕಾಶ ಸಿಕ್ಕರೆ ಇವತ್ತೂ ಅದೇ ಹಲಗೆಯ ಮೇಲೆ ಬರೆಯುತ್ತೇನೆ. ಆದರೆ ಒಂದು ಸ್ಥಾನ ಏರುಪೇರಾಗಿ ನಾಲ್ಕು ಜನ ನಕ್ಕಿದ್ದರೆ ನನಗೇನು ಹೋಗುತ್ತಿತ್ತು? ಗ್ರಹಚಾರ, ವಯಸ್ಸು ಎಂದು ಯಾರೂ ನನ್ನ ಪರ ಮಾತಾಡುವುದು ಬೇಡ.

ಹನುಮಂತಪ್ಪ ಬಸ್ಸಿನಲ್ಲಿ ಸಿಕ್ಕ ಆ ವರ್ಷ, ಪಂದ್ಯ ನಡೆದಿದ್ದ ಡಿಸೆಂಬರ್ ತಿಂಗಳಲ್ಲೇ, ಆ ಮೂಲೆಯನ್ನು ನೋಡಲೆಂದೇ ಬಸ್ಸು ಹತ್ತಿ ಮಾನ್ವಿಗೆ ಹೋದೆ. ಸಿಮೆಂಟಿನಲ್ಲಿ ಹೂತ ಅದೇ ಕಬ್ಬಿಣದ ಕಂಬಗಳು, ಅದೇ ತೊಟ್ಟಿ. ಅಂದು ಪಂದ್ಯ ಮುಗಿದಿದ್ದ ಸಂಜೆಯ ಹೊತ್ತಿಗೇ ಆ ಮೂಲೆಯಲ್ಲಿ ಅಂಗಳದತ್ತ ಮುಖ ಮಾಡಿ ನಿಂತೆ. ನನ್ನ ನೆರಳು ಗೆರೆಯಿದ್ದ ಜಾಗದ ಪಕ್ಕದಲ್ಲಿ ಉದ್ದಕ್ಕೆ ಮುಂದೆ ಬಿದ್ದಿತ್ತು. ಸೂರ್ಯ ನನ್ನ ಬೆನ್ನ ಹಿಂದೆ ಇದ್ದ.