ಒಂದು ಪ್ಲೇಟ್ ಒಗ್ಗರಣಿ

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನನ್ನ ಮಗಳು ಟೀವಿಯಲ್ಲಿ ಒಂದು ಸಿನಿಮಾ ಹಾಕಿದಳು. ಪರದೇಶಕ್ಕೆ ವಲಸೆ ಹೋಗಿ ಹೋಟೆಲಿಟ್ಟ ಕುಟುಂಬದ ಕಥೆ; ಅರ್ಧ ನಗಿಸುತ್ತದೆ, ಅರ್ಧ ಅಳಿಸುತ್ತದೆ. ತೆಲುಗಿಗೆ ಡಬ್ ಆಗಿತ್ತು. ಹತ್ತು ನಿಮಿಷ ಒಂದು ಕಡೆ ಕೂರದ ಅಮ್ಮ ಅವತ್ತು ಮಿಸುಕಾಡದೆ ನೋಡಿದಳು. ಅದರಲ್ಲಿ ಆ ಕುಟುಂಬದ ತಾಯಿ, ಅಲ್ಲಿನ ಮಾತು ತಿಳಿಯದೆ, ಗಿರಾಕಿ ಕೇಳಿದ್ದೊಂದಾದರೆ ಇನ್ನೊಂದು ತಂದಿಡುತ್ತಾಳೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನೋಡಮ್ಮಾ, ಥೇಟ್ ನಿನ್ನ ಒಗ್ಗರಣೆ ಕಥೆ" ಅಂದುಬಿಟ್ಟೆ. ಅಮ್ಮ ಎದ್ದು ಒಳಗೆ ಹೋದಳು.

ಆ ಕಥೆ ರಾಯದುರ್ಗದ ನಮ್ಮ ಹೋಟೆಲಿಗೆ ಬರುವವರಿಗೆಲ್ಲ ಗೊತ್ತು. ಹೇಳಿದವಳು ನಾನೇ, ಒಂದಲ್ಲ, ನೂರು ಸಲ. ನನಗೆ ಎಂಟು ವರ್ಷವಿದ್ದಾಗ ನಾವು ಮಡಕಶಿರಾ ಕಡೆಯಿಂದ ಇಲ್ಲಿಗೆ ಬಂದೆವು. ನನ್ನನ್ನು ಶಾಲೆಗೆ ಸೇರಿಸಿದ ಎರಡು ತಿಂಗಳಿಗೆ ಅಪ್ಪ ಹೋಟೆಲ್ ತೆರೆದ. ಎರಡೂ ಆಂಧ್ರದ ಗಡಿಯೂರುಗಳೇ; ಅಲ್ಲೂ ಕನ್ನಡ, ಇಲ್ಲೂ ಕನ್ನಡ, ಎರಡೂ ಕಡೆ ಜೊತೆಗೆ ತೆಲುಗು. ಆದರೂ ಅಮ್ಮನಿಗೆ ಇದು ಪರದೇಶವೇ. ಮೊದಲ ದಿನ ಬೆಳುಗುಪ್ಪದ ರೈತನೊಬ್ಬ ಬಂದು ಕೂತು, "ಅಕ್ಕಾರ, ಒಂದ್ ಪ್ಲೇಟ್ ಒಗ್ಗರಣಿ ಕೊಡ್ರಿ" ಅಂದ. ಈ ಕಡೆ ಒಗ್ಗರಣಿ ಎಂದರೆ ಮಂಡಕ್ಕಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಈರುಳ್ಳಿ, ಮೆಣಸಿನಕಾಯಿ, ಹುರಿಗಡಲೆ ಪುಡಿ ಹಾಕಿ ಬಾಡಿಸಿದ ತಿಂಡಿ. ನಮ್ಮ ಕಡೆ ಒಗ್ಗರಣೆ ಎಂದರೆ ಒಗ್ಗರಣೆ, ಅಷ್ಟೇ. ಪಾಪ, ಅಮ್ಮ ಎಣ್ಣೆ ಕಾಯಿಸಿ, ಸಾಸಿವೆ, ಕರಿಬೇವು ಸಿಡಿಸಿ, ಚುರ್ರೆನ್ನುವ ಒಗ್ಗರಣೆಯನ್ನು ಪ್ಲೇಟಿಗೆ ಸುರಿದು ಅವನ ಮುಂದಿಟ್ಟಳು. "ಅಯ್ಯಯ್ಯ, ಇದನ್ನ ಹೆಂಗ ತಿನ್ಲಿ ನಾನು?" ಅಂದ ಅವನು. ಇಡೀ ಹೋಟೆಲ್ ನಕ್ಕಿತು. ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಸೋಮವಾರ ಅಮ್ಮ ಹೋಟೆಲಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಈಗ ನಮ್ಮ ಗಿರಾಕಿಗಳಿಗೆ ಒಗ್ಗರಣಿ ಅಂದರೆ ಅಮ್ಮನ ಕೈಯದೇ ಆಗಬೇಕು. ನಾನು ಮಾಡಿದ್ದು ಮುದ್ದೆಯಾಗಿ ಕೂತಿತು. "ಯಾಕ್ರಿ, ಅಮ್ಮಾರು ಬಂದಿಲ್ಲೇನ್ರಿ?" ಎಂದು ಬಂದವರೆಲ್ಲ ಕೇಳಿದರು. ಇನ್ನು ಅವಳು ಬರುವುದೇ ಇಲ್ಲವೇನೋ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಬುಧವಾರ ಮಧ್ಯಾಹ್ನ ಬಾಗಿಲು ಹಾಕಿ ಮನೆಗೆ ಹೋದೆ.

"ತಪ್ಪಾಯ್ತಮ್ಮ, ಇನ್ನು ಆ ಕಥೆ ಎತ್ತಲ್ಲ" ಅಂದೆ.

"ಕಥೆ ಹೇಳಿದ್ಕಲ್ಲ ಕಣೆ ಸಿಟ್ಟು. ಅರ್ಧ ಹೇಳ್ತೀಯಲ್ಲ, ಅದ್ಕೆ" ಅಂದಳು. "ಅವತ್ತು ಎಲ್ಲಾರ್ಗಿಂತ ಜೋರಾಗಿ ನಕ್ಕೋಳು ಯಾರು? ಒಗ್ಗರಣಿ ಅಂದ್ರೆ ಏನು ಅಂತ ನಿಂಗೆ ಗೊತ್ತಿತ್ತು."

ಹೌದು, ಗೊತ್ತಿತ್ತು. ಶಾಲೆಯ ಗೆಳತಿಯರ ಜೊತೆ ಎಷ್ಟೋ ಸಲ ತಿಂದಿದ್ದೆ. ಅಮ್ಮ ಸಾಸಿವೆ ಡಬ್ಬಿ ತೆಗೆದಾಗ ಪಕ್ಕದಲ್ಲೇ ನಿಂತಿದ್ದೆ. ತಮಾಷೆಯಾಗಲಿ ಎಂದು ಬೇಕೆಂದೇ ಹೇಳದೆ ಬಿಟ್ಟಿದ್ದೆ. ಅದು ಅವಳಿಗೆ ತಿಳಿದೇ ಇಲ್ಲ ಎಂದು ಇಷ್ಟು ವರ್ಷ ನಂಬಿದ್ದೆನಲ್ಲ, ಎಂಥ ದಡ್ಡಿ ನಾನು!

"ವಾಪಸ್ ಊರಿಗೆ ಹೋಗಾಣ ಅಂತ ಅವತ್ತೇ ಬಟ್ಟೆ ಗಂಟು ಕಟ್ದೆ" ಅಂದಳು ಅಮ್ಮ. "ಆಮೇಲೆ ನಿನ್ ನಗು ನೆಪ್ಪಾಯ್ತು. ಮಗಳು ಈ ಊರೋಳಾಗ್ಬುಟ್ಳು, ನಾನೊಬ್ಳೇ ಎಲ್ಲಿಗೋಗ್ಲಿ ಅಂತ ಬಿಚ್ಚಿಟ್ಟೆ."

ನನಗೆ ಅಳು ತಡೆಯಲಾಗಲಿಲ್ಲ. "ಸಾಕು ಸುಮ್ಕಿರು, ಪುರಿ ತರ್ಸಿದ್ದೀಯಾ ನಾಳೀಕೆ?" ಎಂದು ಗದರಿದಳು. ಮಂಡಕ್ಕಿಗೆ ಅವಳು ಇವತ್ತಿಗೂ ಪುರಿ ಎಂದೇ ಅನ್ನುತ್ತಾಳೆ.

ಮರುದಿನ ಅಮ್ಮ ನನಗಿಂತ ಮೊದಲೇ ಒಲೆಯ ಮುಂದಿದ್ದಳು. ಒಬ್ಬ ಹಳೆಯ ಗಿರಾಕಿ ತನ್ನ ಅಳಿಯನನ್ನು ಕರೆತಂದು, "ಆ ಕಥಿ ಹೇಳ್ರಿ ಇವರಿಗೆ" ಅಂದ. ಹೇಳಿದೆ, ಈ ಸಲ ಪೂರ್ತಿಯಾಗಿ. "ನನಗೆ ಗೊತ್ತಿತ್ತು" ಎಂಬಲ್ಲಿಗೆ ಬಂದಾಗ ಯಾರೂ ನಗಲಿಲ್ಲ. ಅಮ್ಮ ಒಬ್ಬಳೇ ಜೋರಾಗಿ ನಕ್ಕಳು.